ಉದ್ರಿ ವಹಿಯ ಪಕ್ಕದಲ್ಲೊಂದು ಟ್ರಿಯೋ

ಪುಸ್ತಕ, ನಾಟಕ, ಸಿನಿಮಾಗಳನ್ನು ವಿಮರ್ಶಿಸುವ ಪುಟಗಳಲ್ಲಿ ಒಂದು ಫೋನಿಗೆ ಜಾಗ ಕೊಡಬೇಕೇ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಕಾದಂಬರಿಕಾರನ ಮನಸ್ಸಿನಲ್ಲಿ ಒಬ್ಬ ಓದುಗ ಇರುವಂತೆ ಯಂತ್ರ ಮಾಡುವವನ ಮನಸ್ಸಿನಲ್ಲೂ ಒಬ್ಬ ಮನುಷ್ಯ ಇರುತ್ತಾನೆ. ಅವನು ಯಾವಾಗ ಏಳುತ್ತಾನೆ, ಯಾರನ್ನು ಕಾಣುತ್ತಾನೆ, ಯಾವುದನ್ನು ಮರೆಯುತ್ತಾನೆ ಎಂಬುದೆಲ್ಲ ಆ ಯಂತ್ರದಲ್ಲಿ ಮೊದಲೇ ಬರೆದಾಗಿರುತ್ತದೆ. ಅದನ್ನು ಓದಿ ನೋಡುವುದು ವಿಮರ್ಶೆಯ ಕೆಲಸವೇ.

ನಮ್ಮ ಕೈಗೆ ಬಂದದ್ದು ಟ್ರಿಯೋ 600. ಪುಣೆಯ ಸ್ನೇಹಿತರೊಬ್ಬರು ಮನೆ ಬದಲಿಸುವಾಗ ಹಳೆಯ ಸಾಮಾನುಗಳ ಜೊತೆ ಕೊಟ್ಟದ್ದು. ಅಮೆರಿಕದ ಹ್ಯಾಂಡ್‌ಸ್ಪ್ರಿಂಗ್ ಕಂಪನಿ 2002ರಲ್ಲಿ ಮಾರುಕಟ್ಟೆಗೆ ತಂದ ಟ್ರಿಯೋ 180ರ ತಮ್ಮ ಇದು, ಹುಟ್ಟಿದ್ದು 2003ರಲ್ಲಿ. ಅಂಗೈಯಷ್ಟು ಗಾತ್ರ, ಮೇಲೆ ಗಿಡ್ಡ ಕೋಲಿನಂಥ ಆಂಟೆನಾ, ಚೌಕಾಕಾರದ ಸಣ್ಣ ಪರದೆ, ಅದರ ಕೆಳಗೆ ಸಾಸಿವೆಕಾಳಿಗಿಂತ ತುಸು ದೊಡ್ಡದಾದ ಗುಂಡಿಗಳಲ್ಲಿ ಪೂರ್ತಿ ಇಂಗ್ಲಿಷ್ ವರ್ಣಮಾಲೆ. ಒಳಗೆ ಫೋನು, ವಿಳಾಸ ಪುಸ್ತಕ, ದಿನಚರಿ, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ ಪುಸ್ತಕ. ಅಲ್ಲಿಯವರೆಗೆ ದೊಡ್ಡ ಊರುಗಳ ಅಧಿಕಾರಿಗಳು ಒಂದು ಜೇಬಿನಲ್ಲಿ ಮೊಬೈಲು, ಇನ್ನೊಂದರಲ್ಲಿ ಎಲೆಕ್ಟ್ರಾನಿಕ್ ಡೈರಿ ಇಟ್ಟುಕೊಂಡು ತಿರುಗುತ್ತಿದ್ದರು. ಎರಡನ್ನೂ ಒಂದು ಮಾಡಿದ್ದು ಇದರ ಹೆಚ್ಚುಗಾರಿಕೆ.

ಇದೇ ಮೊದಲನೆಯದೇನಲ್ಲ. ಐಬಿಎಂ ಕಂಪನಿಯ ಸೈಮನ್ 1994ರ ಆಗಸ್ಟ್‌ನಲ್ಲಿಯೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತ್ತು. ಅರ್ಧ ಕಿಲೋ ತೂಕ, ಕರಾರಿನೊಂದಿಗೆ 899 ಡಾಲರ್ ಬೆಲೆ, ಒಂದು ಗಂಟೆ ಮಾತಾಡಿದರೆ ಮುಗಿಯುವ ಬ್ಯಾಟರಿ. ಸುಮಾರು 50 ಸಾವಿರ ಮಾರಾಟವಾಗಿ ಆರು ತಿಂಗಳಲ್ಲಿ ಅಂಗಡಿ ಬಿಟ್ಟಿತು. 1996ರಲ್ಲಿ ನೋಕಿಯಾ 9000 ಕಮ್ಯುನಿಕೇಟರ್ ಬಂತು. ಕನ್ನಡಕದ ಡಬ್ಬಿಯ ಹಾಗೆ ತೆರೆದರೆ ಒಳಗೊಂದು ಕಂಪ್ಯೂಟರು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದೇ 1995ರ ಜುಲೈ 31ರಂದು ಎಂಬುದನ್ನು ನೆನೆದರೆ ಈ ಯಂತ್ರಗಳು ನಮಗೆ ಎಷ್ಟು ದೂರದಲ್ಲಿದ್ದವು ಎಂದು ತಿಳಿಯುತ್ತದೆ.

ಟ್ರಿಯೋವನ್ನು ನಾವು ಮೇಜಿನ ಮೇಲಿಟ್ಟು ನೋಡುವ ಬದಲು ಒಮ್ಮೆ ಮುಳವಾಡಕ್ಕೆ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋದೆವು. ಮುಳವಾಡ ವಿಜಯಪುರ ಮತ್ತು ಕೊಲ್ಹಾರದ ನಡುವೆ, ಹಿಂದಿನ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದ ಊರು. ಹೊರಗಿನವರಿಗೆ ಅದರ ಹೆಸರು ತಿಳಿದಿರುವುದು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುವ ಮುಳವಾಡ ಏತ ನೀರಾವರಿ ಯೋಜನೆಯಿಂದ. ಎರೆಮಣ್ಣಿನ ಸೀಮೆ. ಹಿಂಗಾರಿ ಬಿಳಿಜೋಳ, ಕಡಲೆ, ತೊಗರಿಯ ನಾಡು. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ, ಪುಣೆ–ಮುಂಬಯಿಗೋ, ಉಡುಪಿ–ಮಂಗಳೂರಿಗೋ ಗುಳೆ ಹೋಗುವ ಜನ ಈ ಜಿಲ್ಲೆಯಲ್ಲಿ ಬಹಳ. ಕರಾವಳಿಯ ಓದುಗರು ತಮ್ಮೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಇರುವ ಬಿಜಾಪುರದ ಕೂಲಿಕಾರರನ್ನು ನೋಡಿಯೇ ಇರುತ್ತಾರೆ.

ಅಲ್ಲಿ ಪರಿಚಯದವರ ಕಿರಾಣಿ ಅಂಗಡಿಯಲ್ಲಿ ಕುಳಿತು ಜೇಬಿನಿಂದ ಟ್ರಿಯೋ ತೆಗೆದಾಗ ಅಂಗಡಿಯವರು ಅದನ್ನು ಹೊರಳಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ: “ಇದರಾಗ ಬ್ಯಾಟರಿ ಐತೇನ್ರೀ ಸರ?” ಬ್ಯಾಟರಿ ಎಂದರೆ ಅಲ್ಲಿ ಟಾರ್ಚು. ಇಲ್ಲ ಎಂದೆವು. “ಹಂಗಾರ ಕರೆಂಟ್ ಹೋದರ ಏನ್ ಮಾಡ್ತೀರಿ?” ಎಂದು ನಕ್ಕು ವಾಪಸು ಕೊಟ್ಟರು. ಟ್ರಿಯೋ 600 ಬಂದ 2003ರಲ್ಲಿಯೇ ನೋಕಿಯಾ 1100 ಬಂದಿತ್ತು. ಅದರ ತುದಿಯಲ್ಲಿ ಟಾರ್ಚು, ಗುಂಡಿಗಳ ಮೇಲೆ ಧೂಳು ನುಗ್ಗದಂಥ ಹೊದಿಕೆ. ಜಗತ್ತಿನಾದ್ಯಂತ 25 ಕೋಟಿ ಮಾರಾಟವಾದ ಆ ಫೋನಿನಲ್ಲಿ 50 ಹೆಸರಿಗೆ ಮಾತ್ರ ಜಾಗ. ಕತ್ತಲಲ್ಲಿ ಹಿತ್ತಲಿಗೆ ಹೋಗುವ ಮನುಷ್ಯನೊಬ್ಬ ಅದನ್ನು ಮಾಡಿದವರ ಕಣ್ಣ ಮುಂದೆ ಇದ್ದ. ಟ್ರಿಯೋ ಮಾಡಿದವರ ಕಣ್ಣ ಮುಂದೆ ಯಾರಿದ್ದರು?

ಇದಕ್ಕೆ ಉತ್ತರ ಹುಡುಕಲು ಒಂದು ಮರದ ತುಂಡಿನ ಕಥೆ ಹೇಳಬೇಕು. ಹ್ಯಾಂಡ್‌ಸ್ಪ್ರಿಂಗ್ ಕಟ್ಟಿದವರಲ್ಲಿ ಒಬ್ಬರಾದ ಜೆಫ್ ಹಾಕಿನ್ಸ್ ಅದಕ್ಕೂ ಮೊದಲು 1996ರಲ್ಲಿ ಪಾಮ್ ಪೈಲಟ್ ಎಂಬ ಜೇಬಿನ ಡೈರಿಯನ್ನು ರೂಪಿಸಿದವರು. ಯಂತ್ರ ಇನ್ನೂ ಹುಟ್ಟದಿದ್ದಾಗ ಅವರು ಅದೇ ಅಳತೆಯ ಮರದ ತುಂಡೊಂದನ್ನು ಕೊರೆದು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಯಾರಾದರೂ ಭೇಟಿಯ ಸಮಯ ಕೇಳಿದರೆ ಮರದ ತುಂಡನ್ನು ತೆಗೆದು, ಅದರ ಮೇಲೆ ಕಡ್ಡಿಯಿಂದ ಬರೆಯುವಂತೆ ನಟಿಸುತ್ತಿದ್ದರು. ಜೇಬಿನಲ್ಲಿ ಕೂರುತ್ತದೆಯೇ, ದಿನಕ್ಕೆ ಎಷ್ಟು ಸಲ ತೆಗೆಯಬೇಕಾಗುತ್ತದೆ ಎಂದು ತಿಳಿಯುವ ಉಪಾಯ. ಜಾಣ ಉಪಾಯವೇ. ಲೆಕ್ಕವಿಲ್ಲದಷ್ಟು ದುಡ್ಡು ಸುರಿದು ಮುಳುಗಿದ ಕಂಪನಿಗಳ ನಡುವೆ ಒಂದು ಕಟ್ಟಿಗೆ ಚೂರಿನಿಂದ ಇಷ್ಟು ಕಲಿತವರನ್ನು ಮೆಚ್ಚಲೇಬೇಕು. ಆದರೆ ಆ ಮರದ ತುಂಡು ಅಳೆದದ್ದು ಕ್ಯಾಲಿಫೋರ್ನಿಯಾದ ಒಬ್ಬ ಎಂಜಿನಿಯರನ ಅಂಗಿಯ ಜೇಬನ್ನು, ಅವನ ದಿನವನ್ನು, ಅವನ ಮೀಟಿಂಗುಗಳನ್ನು.

ಜೇಬು ಎಂಬ ಮಾತನ್ನೇ ತೆಗೆದುಕೊಳ್ಳಿ. ಜೇಬಿನ ಯಂತ್ರಕ್ಕೆ ಮೊದಲು ಜೇಬು ಬೇಕು. ಮುಳವಾಡದ ಹೆಣ್ಣುಮಕ್ಕಳ ಸೀರೆಗೆ ಜೇಬಿಲ್ಲ. ವಯಸ್ಸಾದವರ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಇರುತ್ತದೆ. ಅದರ ಒಂದು ಮಡಿಕೆಯಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ನೋಟು, ಮತ್ತೊಂದರಲ್ಲಿ ನಾಲ್ಕಾಗಿ ಮಡಚಿದ ಒಂದು ಚೀಟಿ. ಆ ಚೀಟಿಯಲ್ಲಿ ಗೋವಾದಲ್ಲಿರುವ ಮಗನ ಫೋನ್ ನಂಬರು. ಬರೆದವರು ಬೇರೆ ಯಾರೋ, ಓದಿ ಒತ್ತುವವರು ಮತ್ತಾರೋ. ವಿಳಾಸ ಪುಸ್ತಕ ಎಂದರೆ ಇದೇ. ಒಂದೇ ಹೆಸರಿನ ಪುಸ್ತಕ. ಆದರೂ ಕಳೆದರೆ ಆಕಾಶವೇ ಕಳಚಿದಂತೆ.

ಟ್ರಿಯೋದ ವಿಳಾಸ ಪುಸ್ತಕ ಹೀಗಿದೆ: ಅಡ್ಡಹೆಸರು, ಹೆಸರು, ಕಂಪನಿ, ಹುದ್ದೆ. ವಿಂಗಡಣೆಗೆ ಮೊದಲೇ ಕೊಟ್ಟ ಗುಂಪುಗಳು ವ್ಯವಹಾರ, ಖಾಸಗಿ, ತುರ್ತು, ಮತ್ತು ಯಾವುದಕ್ಕೂ ಸೇರದ್ದು. ನಾವು ಅಂಗಡಿಯವರ ಅನುಮತಿ ಪಡೆದು ಅವರ ಉದ್ರಿ ವಹಿಯ ಕೆಲವು ಹೆಸರುಗಳನ್ನು ಇದರಲ್ಲಿ ತುಂಬಲು ನೋಡಿದೆವು. ವಹಿಯಲ್ಲಿ ಹೆಸರುಗಳು ಹೀಗಿದ್ದವು: ಕೆರಿ ಮನಿ ಅಕ್ಕ, ಗೌಂಡಿ ತಮ್ಮ, ಗೋವಾದಾಕಿ, ಮೌಲಾಸಾಬನ ಅಳಿಯ, ಹಿರೇಮಠದ ಅಯ್ಯನವರು, ಮಾಸ್ತರರ ಮನಿ. ಯಾವುದು ಅಡ್ಡಹೆಸರು, ಯಾವುದು ಹೆಸರು? ಕಂಪನಿ ಎಲ್ಲಿ? ಮೌಲಾಸಾಬನ ಅಳಿಯನನ್ನು ಎಂ ಅಕ್ಷರದಲ್ಲಿ ಹಾಕಿದರೆ ಮಾವನ ಹೆಸರಿನಲ್ಲಿ ಹುಡುಕಬೇಕು. ಹಾಗೆ ಹುಡುಕುವುದೇ ಅಲ್ಲಿಯ ಪದ್ಧತಿ, ಅದು ಬೇರೆ ಮಾತು. ವ್ಯವಹಾರವೋ ಖಾಸಗಿಯೋ ಎಂಬ ಪ್ರಶ್ನೆಗೆ ಅಂಗಡಿಯವರು ತುಸು ಹೊತ್ತು ಯೋಚಿಸಿದರು. ಗೌಂಡಿ ತಮ್ಮ ಅವರ ಅಂಗಡಿಯಲ್ಲಿ ಉದ್ರಿ ಮಾಡಿದವನು, ಅವರ ಮನೆಯ ಗೋಡೆ ಕಟ್ಟಿದವನು, ಮಗಳ ಮದುವೆಯಲ್ಲಿ ಪಂಗ್ತಿಗೆ ಬಡಿಸಿದವನು. ಅಂಥವನನ್ನು ಎರಡು ಗುಂಪಿನಲ್ಲಿ ಒಂದಕ್ಕೆ ಮಾತ್ರ ಸೇರಿಸು ಎಂದು ಈ ಯಂತ್ರ ಕೇಳುತ್ತದೆ. ಕಚೇರಿ ಬೇರೆ, ಮನೆ ಬೇರೆ ಎಂಬ ಬದುಕಿನಲ್ಲಿ ಹುಟ್ಟಿದ ವಿಂಗಡಣೆ ಇದು.

ಅಲ್ಲದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಟ್ರಿಯೋದಲ್ಲಿ ಕನ್ನಡ ಇರಲಿಲ್ಲ. ಆಂಡ್ರಾಯ್ಡ್ ಫೋನುಗಳಿಗೂ ಅದು ಸರಿಯಾಗಿ ಬಂದದ್ದು 2012ರ ಆವೃತ್ತಿಯಲ್ಲಿ. ನಡುವಿನ ಇಪ್ಪತ್ತು ವರ್ಷ ಕನ್ನಡಿಗರು ತಮ್ಮವರ ಹೆಸರುಗಳನ್ನು ಪರಭಾಷೆಯ ಅಕ್ಷರದಲ್ಲಿ ತುಂಬಿಟ್ಟರು. ನದಾಫ ಎಂಬ ಅಡ್ಡಹೆಸರನ್ನು ಒಂದೇ ಮನೆಯ ಮೂವರು ಮೂರು ಬಗೆಯಲ್ಲಿ ಬರೆದಿಟ್ಟುಕೊಂಡಿದ್ದನ್ನು ನಾವು ನೋಡಿದ್ದೇವೆ.

ದಿನಚರಿಯ ಭಾಗ ಇನ್ನೂ ಕುತೂಹಲದ್ದು. ನ್ಯಾಯವಾಗಿ ಹೇಳಬೇಕೆಂದರೆ ವಾರದ ಸಂತೆಯನ್ನು ಟ್ರಿಯೋ ಚೆನ್ನಾಗಿ ನೆನಪಿಡುತ್ತದೆ. ಒಮ್ಮೆ ಬರೆದು ‘ಪ್ರತಿ ವಾರ’ ಎಂದರೆ ಸಾಕು, ಮುಂದಿನ ಎಲ್ಲ ವಾರಗಳಿಗೂ ತಾನೇ ಹಚ್ಚಿಕೊಳ್ಳುತ್ತದೆ. ಹಾಗೆಯೇ ‘ಪ್ರತಿ ದಿನ’, ‘ಪ್ರತಿ ತಿಂಗಳು’, ‘ಪ್ರತಿ ವರ್ಷ’ ಎಂದೂ ಹೇಳಬಹುದು. ನಾವು ಮೊಹರಂ ಬರೆದೆವು. ವಿಜಯಪುರ ಸೀಮೆಯಲ್ಲಿ ಮೊಹರಂ ಒಂದು ಸಮುದಾಯದ ಹಬ್ಬವಲ್ಲ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ಅಲಾಯಿ ಕುಣಿ ತೋಡುತ್ತಾರೆ, ಪಂಜಾ ಕೂಡಿಸುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಗುಳೆ ಹೋದವರು ಯಾವ ಹಬ್ಬಕ್ಕೆ ಬರದಿದ್ದರೂ ಇದಕ್ಕೆ ಬರುತ್ತಾರೆ. ‘ಪ್ರತಿ ವರ್ಷ’ ಎಂದು ಒತ್ತಿದೆವು. ಯಂತ್ರ ಮುಂದಿನ ವರ್ಷವೂ ಅದೇ ತಾರೀಖಿಗೆ ಮೊಹರಂ ಹಾಕಿ ಕೂತಿತು.

ಹಿಜರಿ ವರ್ಷಕ್ಕೆ ಸುಮಾರು 354 ದಿನ. ಹಾಗಾಗಿ ಮೊಹರಂ ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2009ರಲ್ಲಿ ಒಮ್ಮೆ ಜನವರಿಯ ಮೊದಲ ಭಾಗದಲ್ಲಿ, ಇನ್ನೊಮ್ಮೆ ಡಿಸೆಂಬರ್ ಕೊನೆಯಲ್ಲಿ, ಒಂದೇ ವರ್ಷದಲ್ಲಿ ಎರಡು ಬಾರಿ ಬಂತು. ಟ್ರಿಯೋದ ಪ್ರಕಾರ ‘ಪ್ರತಿ ವರ್ಷ’ ಎಂದರೆ ವರ್ಷಕ್ಕೊಮ್ಮೆ. ಎರಡು ಸಲ ಬರುವ ವರ್ಷವನ್ನು ಅದು ಊಹಿಸಿಯೇ ಇಲ್ಲ. ಇನ್ನು ರಂಜಾನ್ ಹಬ್ಬದ ವಿಷಯದಲ್ಲಂತೂ ಚಂದ್ರ ಕಂಡರೆ ನಾಳೆ, ಕಾಣದಿದ್ದರೆ ನಾಡಿದ್ದು. ‘ಕಂಡರೆ’ ಎಂಬ ಪದಕ್ಕೆ ಆ ಪರದೆಯಲ್ಲಿ ಜಾಗವಿಲ್ಲ. ಇದು ಮುಸಲ್ಮಾನರಿಗಷ್ಟೇ ಆದ ತೊಡಕಲ್ಲ. ಯುಗಾದಿ, ಬಸವ ಜಯಂತಿ, ನಾಗರ ಪಂಚಮಿ, ಇಡೀ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಎಳ್ಳಮಾಸಿ, ಯಾವುದೂ ಅದರ ‘ಪ್ರತಿ ವರ್ಷ’ದೊಳಗೆ ಹಿಡಿಸುವುದಿಲ್ಲ. ಹಿಡಿಸಿದ್ದು ಹುಟ್ಟಿದ ದಿನ. ನಮ್ಮ ಹಳ್ಳಿಯ ಹಿರಿಯರಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲದ್ದೂ ಅದೊಂದೇ.

ಅಂಗಡಿಯವರ ಬೆನ್ನ ಹಿಂದೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇರುವಂಥದ್ದು. ಒಂದೊಂದು ಚೌಕದಲ್ಲಿ ದಪ್ಪ ಅಂಕಿಯ ತಾರೀಖು, ಅದರ ಕೆಳಗೆ ತಿಥಿ, ನಕ್ಷತ್ರ, ಮೂಲೆಯಲ್ಲಿ ಮುಸಲ್ಮಾನಿ ತಾರೀಖು, ಅಮಾವಾಸ್ಯೆಗೆ ಕಪ್ಪು ಗುಂಡು, ಮಳೆ ನಕ್ಷತ್ರ ಹುಟ್ಟುವ ದಿನಕ್ಕೆ ಅದರ ಹೆಸರು. ಉತ್ತರಿ, ಹಸ್ತ ಮಳೆ ಬಿದ್ದರೆ ಜೋಳದ ಬಿತ್ತನೆ. ಖಾಲಿ ಉಳಿದ ಜಾಗದಲ್ಲಿ ಅಂಗಡಿಯವರ ಕೈಬರಹ: ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಎಮ್ಮೆ ಗಬ್ಬವಾದ ದಿನ. ಮೂರು ನಾಲ್ಕು ಬಗೆಯ ಕಾಲಗಣನೆಗಳನ್ನು ಒಂದೇ ಚೌಕದಲ್ಲಿ ಜಗಳವಿಲ್ಲದೆ ಕೂಡಿಸಿದ ಈ ಹಾಳೆಯನ್ನು ಯಾರೂ ಸ್ಮಾರ್ಟ್ ಎಂದು ಕರೆದಿಲ್ಲ.

ಟ್ರಿಯೋದ ಇನ್ನೊಂದು ದೋಷವನ್ನು ಹೇಳಬೇಕು. ಈ ಕಾಲದ ಜೇಬು ಡೈರಿಗಳಲ್ಲಿ ಬರೆದದ್ದೆಲ್ಲ ಇರುತ್ತಿದ್ದದ್ದು ಕರೆಂಟಿನ ಆಸರೆಯಿಂದ ಉಳಿಯುವ ಮೆಮೊರಿಯಲ್ಲಿ. ಬ್ಯಾಟರಿ ಪೂರ್ತಿ ಇಳಿದರೆ ಹೆಸರು, ನಂಬರು, ಟಿಪ್ಪಣಿ ಎಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೆ ಪರಿಹಾರವೆಂದರೆ ಆಗಾಗ ಮೇಜಿನ ಕಂಪ್ಯೂಟರಿಗೆ ತಂತಿ ಹಚ್ಚಿ ಒಂದು ನಕಲು ಇಟ್ಟುಕೊಳ್ಳುವುದು. 2004ರ ಕೊನೆಗೆ ಬಂದ ಟ್ರಿಯೋ 650ರಲ್ಲಿ ಈ ಕೊರತೆ ನೀಗಿತು. ಅಲ್ಲಿಯವರೆಗಿನ ಯಂತ್ರಗಳು ಸ್ವತಂತ್ರ ಯಂತ್ರಗಳೇ ಅಲ್ಲ, ಕಂಪ್ಯೂಟರ್ ಇದ್ದವರ ಮನೆಯ ಬಾಲಂಗೋಚಿಗಳು. ದಿನಕ್ಕೆ ಎಂಟು–ಹತ್ತು ತಾಸು ಕರೆಂಟು ಹೋಗುವ ಊರಿನಲ್ಲಿ ಉದ್ರಿ ಲೆಕ್ಕವನ್ನು ಇದರಲ್ಲಿ ಬರೆದಿಡುವವನು ಅಂಗಡಿ ಮುಚ್ಚಬೇಕಾದೀತು.

ಇಷ್ಟು ಹೇಳಿದ ಮೇಲೆ ಇದರ ಗುಣವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹೆಸರಿನ ಮೊದಲ ಎರಡು–ಮೂರು ಅಕ್ಷರ ಒತ್ತಿದರೆ ಸಾಕು, ಬೇಕಾದವರು ಮುಂದೆ ಬಂದು ನಿಲ್ಲುತ್ತಾರೆ, ಅಲ್ಲಿಂದಲೇ ಕರೆ. ಫೋನು ಮತ್ತು ಡೈರಿ ಒಂದೇ ಡಬ್ಬಿಯಲ್ಲಿ ಕೂತ ಎರಡು ಸಾಮಾನುಗಳಾಗಿರದೆ ಒಂದರೊಳಗೊಂದು ಬೆರೆತಿವೆ. ಕಮ್ಯುನಿಕೇಟರಿನಲ್ಲಿ ಹೀಗಿರಲಿಲ್ಲ, ಮುಚ್ಚಿದರೆ ಫೋನು, ತೆರೆದರೆ ಕಂಪ್ಯೂಟರು. ಇವತ್ತು ನಮ್ಮೆಲ್ಲರ ಕೈಯಲ್ಲಿರುವ ಫೋನುಗಳು ಹೆಸರನ್ನು ಹುಡುಕುವ ರೀತಿ ಟ್ರಿಯೋದ್ದೇ.

ಇಲ್ಲಿಯವರೆಗೆ ಓದಿದವರು, ಉದ್ರಿ ವಹಿ ಮತ್ತು ಗೋಡೆ ಕ್ಯಾಲೆಂಡರುಗಳ ಪರವಾಗಿ ನಾವು ವಕಾಲತ್ತು ವಹಿಸಿದ್ದೇವೆ ಎಂದು ತಿಳಿದರೆ ಅದು ಪೂರ್ತಿ ನಿಜವಲ್ಲ. ನಾವು ಅಂಗಡಿಯಲ್ಲಿ ಕುಳಿತಿದ್ದಾಗಲೇ ವಯಸ್ಸಾದ ಆಯಿಯೊಬ್ಬರು ಬಂದು ಚಹಾಪುಡಿ, ಸಕ್ಕರೆ ತೆಗೆದುಕೊಂಡರು. “ಬರಕೋ ಯಪ್ಪಾ” ಎಂದರು. ಅಂಗಡಿಯವರು ಬರೆದುಕೊಂಡರು. “ಎಷ್ಟಾತು ಒಟ್ಟ?” ಎಂದು ಕೇಳಿದರು. ಅಂಗಡಿಯವರು ಒಂದು ಮೊತ್ತ ಹೇಳಿದರು. ಆಯಿ ವಹಿಯ ಕಡೆ ಒಂದು ಕ್ಷಣ ನೋಡಿ, ಸಂಚಿಯ ದಾರ ಎಳೆದು ಕಟ್ಟಿ ಹೊರಟರು. ಆ ಅಂಗಡಿಯವರು ಪ್ರಾಮಾಣಿಕರು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಅವರ ಪ್ರಾಮಾಣಿಕತೆಯ ಹೊರತು ಆಯಿಗೆ ಬೇರೆ ಆಧಾರವೂ ಇಲ್ಲ. ವಹಿ ಅವರದು, ಅಕ್ಷರ ಅವರದು, ಕೂಡಿಸುವ ಕೈ ಅವರದು. 2001ರ ಜನಗಣತಿಯ ಹೊತ್ತಿಗೆ ಬಿಜಾಪುರ ಜಿಲ್ಲೆಯ ಹೆಂಗಸರಲ್ಲಿ ಓದು ಬಲ್ಲವರು ಅರ್ಧಕ್ಕಿಂತ ಕಡಿಮೆ. ಅಷ್ಟು ಜನರ ಸಾಲ ಅವರು ಓದಲಾರದ ಪುಸ್ತಕಗಳಲ್ಲಿ ಇತ್ತು.

ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಒಂದು ಜೇಬಿನ ಯಂತ್ರ ಇತ್ತು. ಮಾಡಿದ್ದು ನಮ್ಮ ರಾಜ್ಯದಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಒಂದು ಟ್ರಸ್ಟ್ ಕಟ್ಟಿ ರೂಪಿಸಿದ ಸಿಂಪ್ಯೂಟರ್. ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ಮಾತುಗಳನ್ನು ಹೆಣೆದು ಇಟ್ಟ ಹೆಸರು. 2001ರಲ್ಲಿ ಅದರ ಮಾದರಿಯನ್ನು ಲೋಕಕ್ಕೆ ತೋರಿಸಿದಾಗ ನ್ಯೂಯಾರ್ಕ್ ಟೈಮ್ಸ್‌ನ ನಿಯತಕಾಲಿಕ ಆ ವರ್ಷದ ಮುಖ್ಯ ಕಲ್ಪನೆಗಳಲ್ಲಿ ಒಂದೆಂದು ಕೊಂಡಾಡಿತು. ಲಿನಕ್ಸ್ ಮೇಲೆ ನಡೆಯುವ, ಕಡ್ಡಿಯಿಂದ ಮುಟ್ಟಿ ನಡೆಸುವ ಯಂತ್ರ. ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಇದಕ್ಕಾಗಿಯೇ ಬರೆದರು. ಇನ್ನೂ ಒಂದು ಮಾತು: ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಬೇಕೆಂಬುದು ಅದರ ವಿನ್ಯಾಸದಲ್ಲಿಯೇ ಇತ್ತು. ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್. ಕಾರ್ಡು ತೂರಿಸಿದರೆ ನಿಮ್ಮ ಲೆಕ್ಕ, ತೆಗೆದರೆ ಮುಂದಿನವರ ಲೆಕ್ಕ. ಮರದ ತುಂಡಿನ ಕಥೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಒಬ್ಬರು ತಮ್ಮ ಜೇಬನ್ನು ಅಳೆದರು, ಇನ್ನೊಬ್ಬರು ಊರನ್ನು ಎಣಿಸಿದರು.

ಆದರೂ ಸಿಂಪ್ಯೂಟರ್ ಸೋತಿತು. 2004ರ ಏಪ್ರಿಲ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ‘ಅಮಿದಾ’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಅತಿ ಅಗ್ಗದ ಮಾದರಿಗೇ ಸುಮಾರು 10 ಸಾವಿರ ರೂಪಾಯಿ. ಅದರ ಅರ್ಧಕ್ಕಿಂತ ಕಡಿಮೆಗೆ ಟಾರ್ಚಿನ ನೋಕಿಯಾ ಸಿಗುತ್ತಿತ್ತು. ಆ ಹೊತ್ತಿಗೆ ಬಿಎಸ್‌ಎನ್‌ಎಲ್ ಮೊಬೈಲ್ ಬಂದಾಗಿತ್ತು, 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಗಿತ್ತು. ಸಿಂಪ್ಯೂಟರ್ ಕೆಲವು ಸಾವಿರಗಳಷ್ಟೇ ಹೋಯಿತು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಕೆಲವನ್ನು ಬಳಸಿತು, ಪೊಲೀಸರ ಕೈಯಲ್ಲಿ ಸಂಚಾರ ದಂಡ ಬರೆಯುವ ಯಂತ್ರವಾಯಿತು. ಆಯಿಗೆ ಲೆಕ್ಕ ಓದಿ ಹೇಳಬೇಕಾಗಿದ್ದದ್ದು ಜನರ ಲೆಕ್ಕ ಬರೆದುಕೊಳ್ಳುವವರ ಕೈ ಸೇರಿತು.

ಸೋಲಿಗೆ ಬೆಲೆ ಒಂದೇ ಕಾರಣ ಎನ್ನುವವರಿದ್ದಾರೆ. ನಮಗೆ ಕಾಣುವ ದೊಡ್ಡ ಕಾರಣ ಬೇರೆ. ಸಿಂಪ್ಯೂಟರಿನಲ್ಲಿ ಫೋನು ಇರಲಿಲ್ಲ. ಬಡವರಿಗೆ ಬೇಕಾದದ್ದು ಮಾಹಿತಿ ಎಂದು ಅದನ್ನು ರೂಪಿಸಿದವರು ನಂಬಿದ್ದರು: ಬೆಲೆ, ಹವಾಮಾನ, ಪಹಣಿ, ಪಾಠ. ಬಡವರಿಗೆ ಮೊದಲು ಬೇಕಾಗಿದ್ದು ಗೋವಾದಲ್ಲಿರುವ ಮಗನ ಧ್ವನಿ. ಅದಕ್ಕಾಗಿ ಸಾಲ ಮಾಡಿಯಾದರೂ ಫೋನು ಕೊಂಡರು. ಕೊಳ್ಳಲಾಗದವರು ಪಕ್ಕದ ಮನೆಯ ಫೋನಿಗೆ ಮಿಸ್ಡ್ ಕಾಲ್ ಬರುವುದನ್ನು ಕಾದರು. ಒಂದು ಸಲ ರಿಂಗಾದರೆ ತಲುಪಿದೆ, ಎರಡು ಸಲ ಆದರೆ ದುಡ್ಡು ಕಳಿಸಿದ್ದೇನೆ. ಸ್ಮಾರ್ಟ್ ಕಾರ್ಡ್ ಇಲ್ಲದೆಯೇ ಹತ್ತು ಮನೆ ಒಂದು ಫೋನನ್ನು ಹಂಚಿಕೊಂಡವು. ಟ್ರಿಯೋ ಮಾಡಿದವರಿಗೆ ಊರು ಗೊತ್ತಿರಲಿಲ್ಲ, ಫೋನಿನ ಬೆಲೆ ಗೊತ್ತಿತ್ತು; ಸಿಂಪ್ಯೂಟರ್ ಮಾಡಿದವರಿಗೆ ಊರು ಗೊತ್ತಿತ್ತು, ಊರವರು ಒಬ್ಬರಿಗೊಬ್ಬರು ಮಾತಾಡಲು ಎಷ್ಟು ಹಸಿದಿದ್ದಾರೆಂಬುದು ಗೊತ್ತಾಗಲಿಲ್ಲ. ಎರಡನ್ನೂ ಬೆರೆಸಿದ ಒಂದು ಯಂತ್ರ, ಫೋನೂ ಆಗಿ, ಕನ್ನಡದಲ್ಲಿ ಓದಿ ಹೇಳುವ ಲೆಕ್ಕದ ಪುಸ್ತಕವೂ ಆಗಿ, 2004ರ ಹೊತ್ತಿಗೆ ಬೆಂಗಳೂರಿನಿಂದ ಬರಬಹುದಿತ್ತಲ್ಲ ಎಂದು ಇವತ್ತು ಮರುಗುವುದು ಸುಲಭ. ಆಗ ಅದನ್ನು ಕೇಳಿದವರೂ ಇರಲಿಲ್ಲ, ನಮ್ಮಂಥ ಪತ್ರಿಕೆಯವರೂ ಸೇರಿ.

2007ರಲ್ಲಿ ಐಫೋನ್ ಬಂದ ಮೇಲೆ ಟ್ರಿಯೋದ ದಿನಗಳು ಮುಗಿದವು. ಅದನ್ನು ಮಾಡುತ್ತಿದ್ದ ಪಾಮ್ ಕಂಪನಿಯನ್ನು 2010ರಲ್ಲಿ ಎಚ್‌ಪಿ ಕೊಂಡಿತು. ಈಗಿನ ಫೋನುಗಳಲ್ಲಿ ಬೇಕಾದವರು ಹಿಜರಿ ತಾರೀಖನ್ನೂ ಹಚ್ಚಿಕೊಳ್ಳಬಹುದು, ಕನ್ನಡದಲ್ಲಿ ಹೆಸರು ಬರೆಯಬಹುದು, ಬರೆದದ್ದನ್ನು ಓದಿಸಿಯೂ ಕೇಳಬಹುದು.

ಮುಳವಾಡದ ಆ ಅಂಗಡಿಗೆ ಮೊನ್ನೆ ಮತ್ತೆ ಹೋಗಿದ್ದೆವು. ಗಲ್ಲೆಯ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ ಕೂತಿದೆ. ಯಾರಾದರೂ ಫೋನಿನಿಂದ ದುಡ್ಡು ಹಾಕಿದರೆ ಇಷ್ಟು ರೂಪಾಯಿ ಬಂತು ಎಂದು ಸ್ವಚ್ಛ ಕನ್ನಡದಲ್ಲಿ ಬೀದಿಗೆ ಕೇಳುವಂತೆ ಕೂಗುತ್ತದೆ. ಉದ್ರಿ ವಹಿ ಹಳೆಯ ಜಾಗದಲ್ಲೇ, ಗಲ್ಲೆಯ ಕೆಳಗೆ ಇದೆ. ಯಾರ ಬಾಕಿ ಎಷ್ಟು ಉಳಿದಿದೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ.